ಮನೆಗೆ ಬಂದ ಹೊಸ ಬೆಕ್ಕು: ಮೊದಲ ದಿನಗಳ ಆರೈಕೆ

ಬೆಕ್ಕು ತಂದು ಮೂರು ದಿನವಾಯಿತು, ಬೀರುವಿನ ಹಿಂದಿನಿಂದ ಹೊರಗೇ ಬರುತ್ತಿಲ್ಲ, ಹತ್ತಿರ ಹೋದರೆ ‘ಉಸ್’ ಎನ್ನುತ್ತದೆ. ರಸ್ತೆಬದಿಯಿಂದಲೋ ಪ್ರಾಣಿ ರಕ್ಷಣಾ ಕೇಂದ್ರದಿಂದಲೋ ಬೆಕ್ಕನ್ನು ತಂದು ಸಾಕಲು ಹೊರಟವರಲ್ಲಿ ಅನೇಕರ ದೂರು ಇದು. ಇದರ ಹಿಂದೆಯೇ ಮತ್ತೊಂದು ಮಾತೂ ಬರುತ್ತದೆ: ‘ಇದಕ್ಕೆ ನಮ್ಮ ಮನೆ ಹಿಡಿಸಲಿಲ್ಲ, ಎಲ್ಲಾದರೂ ಬಿಟ್ಟುಬರೋಣ.’

ಹಾಗೆ ಗೋಣಿಚೀಲದಲ್ಲಿ ಹಾಕಿ ಪರಿಚಯವಿಲ್ಲದ ಬೀದಿಯಲ್ಲಿ ಬಿಟ್ಟುಬಂದ ಬೆಕ್ಕಿಗೆ ನೀರು, ಆಹಾರ, ಅಡಗುವ ಜಾಗ ಯಾವುದೂ ಗೊತ್ತಿರುವುದಿಲ್ಲ. ನಾಯಿಗಳಿಗೋ ವಾಹನಕ್ಕೋ ಬಲಿಯಾಗುವ ಸಂಭವವೇ ಹೆಚ್ಚು. ಆದ್ದರಿಂದ ಮೊದಲ ಕೆಲವು ದಿನಗಳಲ್ಲಿ ಬೆಕ್ಕಿನ ವರ್ತನೆ ಏಕೆ ಹಾಗಿರುತ್ತದೆ, ಮನೆಯವರು ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು ತಿಳಿದಿರುವುದು ಅಗತ್ಯ. ಬೆಕ್ಕಿನ ಆರೋಗ್ಯಕ್ಕೂ ಇದು ಮುಖ್ಯ, ಮನೆಮಂದಿಯ ಆರೋಗ್ಯಕ್ಕೂ ಮುಖ್ಯ.

ಮುನಿಸಲ್ಲ, ಹೆದರಿಕೆ

ನಾಯಿ ಜನರಿಗೆ ಹೊಂದಿಕೊಳ್ಳುತ್ತದೆ, ಬೆಕ್ಕು ಜಾಗಕ್ಕೆ ಹೊಂದಿಕೊಳ್ಳುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಬೆಕ್ಕು ತಾನಿರುವ ಜಾಗವನ್ನು ಮುಖ್ಯವಾಗಿ ವಾಸನೆಯಿಂದ ಗುರುತಿಸುತ್ತದೆ. ಗೋಡೆಯ ಮೂಲೆಗೆ, ಮಂಚದ ಕಾಲಿಗೆ ಕೆನ್ನೆ ಉಜ್ಜುತ್ತಾ ತನ್ನ ವಾಸನೆಯ ಗುರುತು ಹಾಕುತ್ತದೆ. ಹೊಸ ಮನೆಯಲ್ಲಿ ಅದರ ಗುರುತು ಒಂದೂ ಇರುವುದಿಲ್ಲ. ಬೆಕ್ಕಿನ ಕಿವಿಯೂ ಬಹಳ ಸೂಕ್ಷ್ಮ. ಕುಕ್ಕರಿನ ಸೀಟಿ, ಮಿಕ್ಸಿಯ ಗದ್ದಲ, ಟೀವಿಯ ಸದ್ದು ನಮಗೆ ದಿನನಿತ್ಯದ್ದು. ಅದಕ್ಕೆ ಎಲ್ಲ ದಿಕ್ಕಿನಿಂದ ಎರಗುವ ಅಪಾಯದಂತೆ ತೋರುತ್ತದೆ.

ಹೀಗಾಗಿ ಅಡಗಿ ಕೂರುವುದು ರೋಗದ ಲಕ್ಷಣವೂ ಅಲ್ಲ, ಮೊಂಡುತನವೂ ಅಲ್ಲ. ಸಣ್ಣ ಪ್ರಾಣಿಯೊಂದು ತನ್ನನ್ನು ಕಾಪಾಡಿಕೊಳ್ಳುವ ಸಹಜ ಕ್ರಮ ಅದು. ಎರಡರಿಂದ ಏಳು ವಾರದ ವಯಸ್ಸಿನೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಬೇಗ ಹೊಂದಿಕೊಳ್ಳುತ್ತದೆ. ಆ ಅವಧಿಯನ್ನು ಬೀದಿಯಲ್ಲೇ ಕಳೆದ ಬೆಕ್ಕಿಗೆ ಹೆಚ್ಚು ಸಮಯ ಬೇಕು. ಗಾಬರಿ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಪೂರ್ತಿ ಮನೆಯದಾಗಲು ಮೂರು ತಿಂಗಳು ಎಂಬುದು ಸ್ಥೂಲ ಲೆಕ್ಕ. ಕೆಲವು ಬೆಕ್ಕುಗಳು ಒಂದೇ ದಿನದಲ್ಲಿ ಮಡಿಲೇರುತ್ತವೆ, ಕೆಲವಕ್ಕೆ ಆರು ತಿಂಗಳೂ ಆಗಬಹುದು.

ಮೊದಲು ಒಂದೇ ಕೋಣೆ

ಬೆಕ್ಕನ್ನು ತಂದ ಕೂಡಲೇ ಇಡೀ ಮನೆಯಲ್ಲಿ ಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಜಾಗ ದೊಡ್ಡದಾದಷ್ಟೂ ಅದರ ಹೆದರಿಕೆಯೂ ದೊಡ್ಡದಾಗುತ್ತದೆ. ಓಡಾಟ ಕಡಿಮೆ ಇರುವ ಒಂದು ಸಣ್ಣ ಕೋಣೆಯನ್ನು ಅದಕ್ಕೆಂದು ಬಿಟ್ಟುಕೊಡಿ. ಅಂಥ ಕೋಣೆ ಇಲ್ಲದ ಮನೆಯಲ್ಲಿ ಮಲಗುವ ಕೋಣೆಯ ಒಂದು ಮೂಲೆಗೆ ಪರದೆ ಕಟ್ಟಿದರೂ ಆದೀತು. ಅಡುಗೆಮನೆ ಬೇಡ. ಕಿಟಕಿಗಳಿಗೆ ಜಾಲರಿ ಇದೆಯೇ ನೋಡಿಕೊಳ್ಳಿ. ಮೊದಲ ದಿನಗಳಲ್ಲಿ ತಪ್ಪಿಸಿಕೊಂಡ ಬೆಕ್ಕಿಗೆ ಮನೆಗೆ ಮರಳುವ ದಾರಿ ಗೊತ್ತಿರುವುದಿಲ್ಲ. ಮೇಲಂತಸ್ತಿನ ಫ್ಲ್ಯಾಟುಗಳಲ್ಲಿ ಬಾಲ್ಕನಿಗೆ ಬಲೆ ಇಲ್ಲದಿದ್ದರೆ ಅಲ್ಲಿಗೆ ಬಿಡಲೇಕೂಡದು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಬದುಕುತ್ತದೆ ಎಂಬುದು ನಿಜವಲ್ಲ.

ಕೋಣೆಯಲ್ಲಿ ಅಡಗಲು ಒಂದು ಜಾಗ ಇರಲೇಬೇಕು. ದಿನಸಿ ಅಂಗಡಿಯಲ್ಲಿ ಸಿಗುವ ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹಾಸಿದರೆ ಸಾಕು. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಆಧಾರ ಒದಗಿಸಿದೆ. ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಪೆಟ್ಟಿಗೆ ಕೊಟ್ಟು, ಉಳಿದ 9ಕ್ಕೆ ಕೊಡದೆ ನೋಡಿದಾಗ, ಮೂರು ನಾಲ್ಕನೆಯ ದಿನದ ಹೊತ್ತಿಗೆ ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಎದ್ದು ಕಾಣುವಷ್ಟು ಶಾಂತವಾಗಿದ್ದವು. ಅಡಗಲು ಅವಕಾಶವಿದ್ದ ಬೆಕ್ಕೇ ಬೇಗ ಧೈರ್ಯ ತಂದುಕೊಳ್ಳುತ್ತದೆ ಎಂಬುದು ಗಮನಾರ್ಹ.

ಹಾಸಿದ ಬಟ್ಟೆಯನ್ನು ದಿನವೂ ಒಗೆಯಬೇಡಿ. ಅದಕ್ಕೆ ಹತ್ತಿದ ತನ್ನದೇ ವಾಸನೆ ಬೆಕ್ಕಿಗೆ ಧೈರ್ಯ. ಮೊದಲ ವಾರ ಸ್ನಾನವೂ ಬೇಡ. ಮೈ ಕೊಳಕಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಅದೂ ಬೆಕ್ಕು ಒಪ್ಪಿದರೆ ಮಾತ್ರ.

ಮಲಮೂತ್ರದ ತಟ್ಟೆ

ಅಗಲವಾದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಮರಳನ್ನೋ ಒಣಮಣ್ಣನ್ನೋ ಹಾಕಿ ಕೋಣೆಯ ಒಂದು ಮೂಲೆಯಲ್ಲಿಡಿ. ಅಂಗಡಿಯಲ್ಲಿ ಸಿಗುವ ಲಿಟ್ಟರ್ ಆದರೆ ಇನ್ನೂ ಅನುಕೂಲ. ಬೆಕ್ಕು ಇದ್ದ ಹಳೆಯ ಜಾಗದ ಮಣ್ಣನ್ನು ಒಂದು ಹಿಡಿ ಬೆರೆಸಿದರೆ ಅದು ಬೇಗ ಗುರುತಿಸುತ್ತದೆ. ಊಟದ ಬಟ್ಟಲು ಎದುರು ಮೂಲೆಯಲ್ಲಿರಲಿ. ಉಣ್ಣುವ ಜಾಗದ ಪಕ್ಕದಲ್ಲಿ ಬೆಕ್ಕು ಮಲವಿಸರ್ಜನೆ ಮಾಡುವುದಿಲ್ಲ. ತಟ್ಟೆಯನ್ನು ದಿನಕ್ಕೊಮ್ಮೆಯಾದರೂ ಸ್ವಚ್ಛಗೊಳಿಸಬೇಕು. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಮೂರು ತಟ್ಟೆಗಳಿರುವುದು ಲೇಸು.

ಬೇರೆಲ್ಲಾದರೂ ಗಲೀಜು ಮಾಡಿದರೆ ಬೈಯುವುದು, ಮೂತಿಯನ್ನು ಅದಕ್ಕೆ ಉಜ್ಜುವುದು ಸಲ್ಲದು. ಬೆಕ್ಕಿಗೆ ಅದರಿಂದ ತಿಳಿಯುವುದು ಒಂದೇ: ಈ ಮನುಷ್ಯರು ಅಪಾಯಕಾರಿ.

ಹಾಲು ಅನ್ನ ಸಾಲದು

ನಮ್ಮ ಮನೆಗಳಲ್ಲಿ ಬೆಕ್ಕಿನ ಊಟವೆಂದರೆ ಹಾಲು ಅನ್ನ, ಇಲ್ಲವೇ ಮೊಸರನ್ನ. ಹಿಂದೆ ಇದರಲ್ಲಿ ಬೆಕ್ಕು ಬದುಕುತ್ತಿತ್ತಲ್ಲ ಎಂದು ಅಜ್ಜಿಯರು ಕೇಳಬಹುದು. ಆ ಬೆಕ್ಕುಗಳು ಕಣಜದ ಇಲಿ, ಹಲ್ಲಿ, ಜಿರಲೆಗಳನ್ನು ಹಿಡಿದು ಕೊರತೆ ತುಂಬಿಕೊಳ್ಳುತ್ತಿದ್ದವು. ಬಾಗಿಲು ಮುಚ್ಚಿದ ಮನೆಯ ಬೆಕ್ಕಿಗೆ ಆ ದಾರಿ ಇಲ್ಲ.

ಬೆಕ್ಕು ಮಾಂಸಾಹಾರವನ್ನೇ ನಂಬಿ ಬದುಕುವ ಪ್ರಾಣಿ. ಮಾಂಸ, ಮೀನುಗಳಲ್ಲಿರುವ ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗಿ ಕುರುಡಾಗಬಹುದು. ಹೃದಯದ ಸ್ನಾಯು ಸೋತು ಸಾವೂ ಬರಬಹುದು ಎಂಬುದನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪಶುವೈದ್ಯ ಪಾಲ್ ಪಿಯೋನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಸಸ್ಯಾಹಾರಿ ಮನೆಯವರು ಬೆಕ್ಕು ತರುವ ಮೊದಲೇ ಈ ವಿಷಯವನ್ನು ಯೋಚಿಸಿ ನಿರ್ಧರಿಸಬೇಕು. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಬೆಕ್ಕಿಗೆಂದೇ ಸಿದ್ಧವಾದ ಆಹಾರ ಅಂಗಡಿಗಳಲ್ಲಿ ದೊರೆಯುತ್ತದೆ. ನಾಯಿಯ ಆಹಾರ ಬೆಕ್ಕಿಗೆ ಆಗದು.

ಮೊದಲ ದಿನಗಳಲ್ಲಿ ಆಹಾರ ಬದಲಿಸಬೇಡಿ. ರಕ್ಷಣಾ ಕೇಂದ್ರದಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರ ಕೊಟ್ಟು, ನಂತರ ಸ್ವಲ್ಪ ಸ್ವಲ್ಪವೇ ಹೊಸದನ್ನು ಬೆರೆಸಿ. ಬೇಯಿಸಿದ ಕೋಳಿಮಾಂಸವಾಗಲಿ ಮೀನಾಗಲಿ ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದಾಗಿರಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ನಾಶಮಾಡುತ್ತವೆ. ಮೂಳೆ, ಮುಳ್ಳು ತೆಗೆದಿರಲಿ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ಹಾಲಿಗಿಂತ ಶುದ್ಧ ನೀರು ಮುಖ್ಯ.

ವಿಶ್ವಾಸ ಗಳಿಸುವ ಬಗೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು, ಕೃಷ್ಣದೇವರಾಯನ ಎದುರಿಗೆ ಹಾಲಿನ ಬಟ್ಟಲು ಕಂಡೊಡನೆ ಓಟ ಕಿತ್ತಿತು. ನಗುವುದಕ್ಕೆಂದು ಹೇಳುವ ಈ ಕಥೆಯಲ್ಲಿ ಬೆಕ್ಕಿನ ಸ್ವಭಾವದ ಸತ್ಯವಿದೆ. ಒಮ್ಮೆ ನೋವು ಕೊಟ್ಟದ್ದನ್ನು ಅದು ಸುಲಭವಾಗಿ ಮರೆಯದು. ಬೀರುವಿನ ಹಿಂದಿನಿಂದ ಕಾಲು ಹಿಡಿದು ಎಳೆದವರ ಕೈಯನ್ನೂ ಮರೆಯದು. ಹತ್ತು ದಿನದ ತಾಳ್ಮೆಯ ಫಲ ಒಂದು ಬಲವಂತದಲ್ಲಿ ಕೈತಪ್ಪುತ್ತದೆ.

ಆದ್ದರಿಂದ ಹತ್ತಿರ ಬರುವ ಕೆಲಸವನ್ನು ಬೆಕ್ಕಿಗೇ ಬಿಡಿ. ದಿನಕ್ಕೆ ಎರಡು ಮೂರು ಸಲ ಕೋಣೆಗೆ ಹೋಗಿ ನೆಲದ ಮೇಲೆ ಕುಳಿತುಕೊಳ್ಳಿ. ಪತ್ರಿಕೆ ಓದಿ, ಸೊಪ್ಪು ಬಿಡಿಸಿ, ಮೆಲುದನಿಯಲ್ಲಿ ಮಾತನಾಡಿ. ಬೆಕ್ಕನ್ನು ದಿಟ್ಟಿಸಿ ನೋಡಬೇಡಿ. ದಿಟ್ಟಿಸುವುದು ಅದರ ಭಾಷೆಯಲ್ಲಿ ಬೆದರಿಕೆ. ಕಣ್ಣು ಕೂಡಿದಾಗ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಹೀಗೆ ಮಾಡಿದವರಿಗೆ ಬೆಕ್ಕುಗಳೂ ರೆಪ್ಪೆ ಮುಚ್ಚಿ ಉತ್ತರ ಕೊಡುತ್ತವೆ, ಅವರು ಚಾಚಿದ ಕೈಯ ಬಳಿಗೆ ಬರುವುದೂ ಹೆಚ್ಚು ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಅಧ್ಯಯನ 2020ರಲ್ಲಿ ತೋರಿಸಿದೆ.

ಊಟವನ್ನು ದಿನವೂ ಅದೇ ಹೊತ್ತಿಗೆ, ಸಾಧ್ಯವಾದಷ್ಟೂ ಒಬ್ಬರೇ ಕೊಡುವುದು ಒಳಿತು. ಬೆಕ್ಕು ತಾನಾಗಿ ಬಂದು ಬೆರಳು ಮೂಸಿದರೆ ಕೆನ್ನೆ, ಗಲ್ಲದ ಕೆಳಗೆ ಮೆಲ್ಲಗೆ ಸವರಿ. ಹೊಟ್ಟೆ, ಬಾಲ ಮುಟ್ಟಬೇಡಿ. ಬಾಲ ಪಟಪಟನೆ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಮಲಗಿದರೆ ಕೈ ತೆಗೆಯಿರಿ. ಇದು ‘ಇನ್ನು ಸಾಕು’ ಎಂಬ ಸೂಚನೆ. ಇದನ್ನು ಕಡೆಗಣಿಸಿದಾಗಲೇ ಪರಚುವುದು, ಕಚ್ಚುವುದು ನಡೆಯುತ್ತದೆ. ಮಕ್ಕಳಿಗೆ ಈ ಪಾಠವನ್ನು ಮೊದಲ ದಿನವೇ ಹೇಳಿಕೊಡಬೇಕು. ಮಲಗಿರುವಾಗ, ಉಣ್ಣುವಾಗ, ಪೆಟ್ಟಿಗೆಯೊಳಗಿರುವಾಗ ಬೆಕ್ಕನ್ನು ಮುಟ್ಟಕೂಡದು. ಐದು ವರ್ಷದೊಳಗಿನ ಮಕ್ಕಳನ್ನು ಅದರೊಡನೆ ಒಂಟಿಯಾಗಿ ಬಿಡಬಾರದು.

ಬೆಕ್ಕು ಸರಿಯಾಗಿ ಉಂಡು, ತಟ್ಟೆ ಬಳಸಿ, ಬಾಲ ಮೇಲೆತ್ತಿ ನಿಮ್ಮನ್ನು ಎದುರುಗೊಳ್ಳತೊಡಗಿದ ಮೇಲೆ ಕೋಣೆಯ ಬಾಗಿಲು ತೆರೆಯಿರಿ. ಹಳೆಯ ಪೆಟ್ಟಿಗೆ ಅಲ್ಲೇ ಇರಲಿ. ಹೆದರಿದಾಗ ಹಿಂದಿರುಗಲು ಅದಕ್ಕೊಂದು ನೆಲೆ ಬೇಕು. ಮನೆಯಲ್ಲಿ ಮೊದಲೇ ನಾಯಿಯೋ ಬೆಕ್ಕೋ ಇದ್ದರೆ ಒಂದು ವಾರವಾದರೂ ಮುಖಾಮುಖಿ ಮಾಡಿಸಬೇಡಿ. ಒಂದರ ಹಾಸಿಗೆ ಬಟ್ಟೆಯನ್ನು ಇನ್ನೊಂದರ ಬಳಿ ಇಟ್ಟು ವಾಸನೆಯ ಪರಿಚಯ ಮಾಡಿಸಿ. ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಬಡಿಸಿ. ಆಮೇಲೆ ಬಾಗಿಲಿನ ಸಂದಿ, ನಂತರ ನೋಟ.

ಮನೆಯೊಳಗಿನ ವಿಷಗಳು

ನಮಗೆ ನಿರಪಾಯವಾದ ಹಲವು ವಸ್ತುಗಳು ಬೆಕ್ಕಿಗೆ ವಿಷ. ಕೆಲವು ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಕಡಿಮೆ ಇರುವುದೇ ಕಾರಣ. ಜ್ವರವೆಂದು ಕೊಡುವ 500 ಮಿಲಿಗ್ರಾಂನ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನೆಲ ಒರೆಸಲು ಬಳಸುವ ಫಿನೈಲ್ ಪಾದಕ್ಕೆ ಹತ್ತಿ, ಬೆಕ್ಕು ಪಾದ ನೆಕ್ಕಿದಾಗ ಹೊಟ್ಟೆ ಸೇರುತ್ತದೆ. ಅದರ ಕೋಣೆಯನ್ನು ಸಾಬೂನು ನೀರಿನಿಂದ ಒರೆಸಿ, ಒಣಗಿದ ನಂತರವೇ ಬೆಕ್ಕನ್ನು ಬಿಡಿ. ಬೀರುವಿನ ನುಸಿಗುಳಿಗೆ, ಇಲಿ ಪಾಷಾಣ ಅದಕ್ಕೆ ಸಿಗದಂತಿರಲಿ. ನಾಯಿಯ ಉಣ್ಣೆ, ಚಿಗಟಗಳಿಗೆಂದು ಮಾರುವ ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳವು ಬಂದು ಸಾಯಬಹುದು. ಹೂಗುಚ್ಛಗಳಲ್ಲಿ ಬರುವ ಲಿಲ್ಲಿ ಹೂವಿನ ಎಸಳು, ಎಲೆ, ಪರಾಗ ಎಲ್ಲವೂ ಮೂತ್ರಪಿಂಡವನ್ನು ಹಾಳುಮಾಡುತ್ತವೆ.

ಪಶುವೈದ್ಯರ ಭೇಟಿ

ಬೆಕ್ಕು ತಂದ ಮೊದಲ ವಾರದೊಳಗೆ ಒಮ್ಮೆ ಪಶುವೈದ್ಯರಿಗೆ ತೋರಿಸುವುದು ಅಗತ್ಯ. ಗಾಯ, ಶೀತ, ಭೇದಿ ಕಂಡರೆ ಅದೇ ದಿನ ಒಯ್ಯಬೇಕು. ಬೀದಿಯಿಂದ ಬಂದ ಬೆಕ್ಕುಗಳಲ್ಲಿ ಜಂತುಹುಳು, ಕಿವಿಯ ನುಸಿ, ಚಿಗಟ ಸಾಮಾನ್ಯ. ಪ್ಯಾನ್‌ಲ್ಯೂಕೋಪೀನಿಯ ಎಂಬ ಮಾರಕ ವಾಂತಿಭೇದಿ ಮತ್ತು ಎರಡು ಬಗೆಯ ಶೀತರೋಗಗಳ ವಿರುದ್ಧ ಒಟ್ಟಾಗಿ ಕೊಡುವ ಲಸಿಕೆಯನ್ನು ಮರಿಗೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೆಯ ವಾರದವರೆಗೆ ಕೊಡುತ್ತಾರೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಪ್ಯಾನ್‌ಲ್ಯೂಕೋಪೀನಿಯದಿಂದ ಹಿಂದೆ ಬೆಕ್ಕು ಸತ್ತ ಮನೆಯಲ್ಲಿ ಆ ವೈರಸ್ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಉಳಿಯಬಲ್ಲದು. ಅಂಥ ಮನೆಗೆ ಲಸಿಕೆ ಹಾಕಿಸದ ಮರಿಯನ್ನು ತರಬಾರದು.

ಹೆಣ್ಣು ಬೆಕ್ಕು ನಾಲ್ಕು ತಿಂಗಳ ವಯಸ್ಸಿಗೇ ಗರ್ಭ ಧರಿಸಬಹುದು. ಗರ್ಭದ ಅವಧಿ ಎರಡು ತಿಂಗಳು ಮಾತ್ರ. ಐದು ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬೀದಿಗೆ ಬೀಳುವ ಮರಿಗಳ ಸಂಖ್ಯೆ ತಗ್ಗುತ್ತದೆ. ಗಂಡು ಬೆಕ್ಕಿನ ಅಲೆದಾಟ, ಜಗಳ, ಗೋಡೆಗೆ ಮೂತ್ರ ಸಿಡಿಸುವ ಅಭ್ಯಾಸವೂ ಕಡಿಮೆಯಾಗುತ್ತವೆ.

ಗರ್ಭಿಣಿ ಇರುವ ಮನೆ

ಮಗಳು ಹೆರಿಗೆಗೆ ಬರುತ್ತಾಳೆಂದು ಬೆಕ್ಕನ್ನು ಹೊರಗಟ್ಟುವ ಮನೆಗಳಿವೆ. ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಜೀವಿಯಿಂದ ಗರ್ಭಸ್ಥ ಶಿಶುವಿಗೆ ಹಾನಿಯಾಗಬಹುದೆಂಬ ಭಯ ನಿರಾಧಾರವಲ್ಲ. ಆದರೆ ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಈ ಸೋಂಕು ತಗಲುವುದು ಅಪರೂಪ. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಇದರ ಬೀಜಕೋಶಗಳನ್ನು ಹೊರಹಾಕುತ್ತದೆ. ಅವು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ತಟ್ಟೆಯನ್ನು ದಿನವೂ ಶುಚಿ ಮಾಡಿದರೆ, ಆ ಕೆಲಸವನ್ನು ಗರ್ಭಿಣಿಯ ಬದಲು ಬೇರೆಯವರು ಮಾಡಿದರೆ, ಬೆಕ್ಕಿಗೆ ಹಸಿಮಾಂಸ ಕೊಡದಿದ್ದರೆ ಅಪಾಯ ಬಹುಮಟ್ಟಿಗೆ ದೂರ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿ, ತೋಟದ ಮಣ್ಣು ಇವುಗಳಿಂದಲೂ ಇದೇ ಸೋಂಕು ಬರುತ್ತದೆ ಎಂಬುದನ್ನು ಮರೆಯಬಾರದು.

ಮಕ್ಕಳ ಚರ್ಮದ ಮೇಲೆ ಉಂಗುರದಂತೆ ತುರಿಕೆಯ ಕಲೆ ಕಂಡರೆ ಅದು ಬೆಕ್ಕಿನಿಂದ ಬಂದ ಹುಳುಕಡ್ಡಿ ಇರಬಹುದು. ಮಗುವಿಗೂ ಬೆಕ್ಕಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಮನೆಯಲ್ಲಿ ಆಸ್ತಮಾ ರೋಗಿಗಳಿದ್ದರೆ ಬೆಕ್ಕು ತರುವ ಮೊದಲೇ ವೈದ್ಯರೊಡನೆ ಮಾತನಾಡುವುದು ಕ್ಷೇಮ.

ಕಚ್ಚಿದರೆ, ಪರಚಿದರೆ

ಹೆದರಿದ ಬೆಕ್ಕು ಕಚ್ಚುವುದು ಅಸಹಜವಲ್ಲ. ಆದರೆ ಬೆಕ್ಕಿನ ಗಾಯವೆಂದು ಉದಾಸೀನ ಮಾಡಬಾರದು. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಒಮ್ಮೆ ರೋಗಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಅಸಾಧ್ಯವೆಂದೇ ಹೇಳಬೇಕು. ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬಾರದು. ಬೆಕ್ಕು ಆರೋಗ್ಯವಾಗಿಯೇ ಇದೆಯಲ್ಲ ಎಂದು ಕಾಯದೆ ಅದೇ ದಿನ ವೈದ್ಯರನ್ನು ಕಾಣಬೇಕು. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿದೆ. ಆ ಬಗೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ 2004ರ ಡಿಸೆಂಬರ್‌ನಲ್ಲೇ ನಿಂತಿತು. ಈಗಿನ ಲಸಿಕೆಯನ್ನು ತೋಳಿಗೆ, ನಾಲ್ಕೈದು ಭೇಟಿಗಳಲ್ಲಿ ಕೊಡುತ್ತಾರೆ. ಎಲ್ಲ ಸುತ್ತುಗಳನ್ನೂ ಪೂರೈಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದೂ ಕೇಳಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ, ಮೇಲೆ ಚಿಕ್ಕ ಚುಕ್ಕೆಯಂತೆ ಕಂಡರೂ ಒಂದೇ ದಿನದಲ್ಲಿ ಕೈ ಊದಿಕೊಂಡು ಕೀವಾಗಬಹುದು.

ಯಾವಾಗ ಕಾಯಬಾರದು?

ಬೆಕ್ಕು ಅಡಗಿ ಕುಳಿತರೆ ಕಾಯಿರಿ. ಆದರೆ ಕೆಳಗಿನ ಲಕ್ಷಣಗಳು ಕಂಡಾಗ ತಾಳ್ಮೆ ಸಲ್ಲದು, ಪಶು ಆಸ್ಪತ್ರೆಗೆ ಒಯ್ಯಬೇಕು.

* ಬೆಳೆದ ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಎರಡನೆಯ ದಿನವೂ ತಿನ್ನದಿದ್ದರೆ ಒಯ್ಯಲೇಬೇಕು. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗುತ್ತದೆ. ಎಳೆಯ ಮರಿಯಾದರೆ ಅರ್ಧ ದಿನವೂ ಕಾಯಬೇಡಿ.
* ಗಂಡು ಬೆಕ್ಕು ಪದೇ ಪದೇ ತಟ್ಟೆಗೆ ಹೋಗಿ ಮುಕ್ಕಿದರೂ ಮೂತ್ರ ಬಾರದಿದ್ದರೆ ಅದು ಮಲಬದ್ಧತೆ ಎಂದು ಭಾವಿಸಬೇಡಿ. ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಹೊಸ ಜಾಗದ ಆತಂಕವೂ ಇದಕ್ಕೆ ಒಂದು ಕಾರಣ.
* ಬಾಯಿ ತೆರೆದು ಏದುಸಿರು ಬಿಡುವುದು, ಬಿಡದ ವಾಂತಿ, ರಕ್ತಭೇದಿ, ಸೆಳವು.
* ಜೊಲ್ಲು ಸುರಿಸುತ್ತಾ ಕಾರಣವಿಲ್ಲದೆ ಮೈಮೇಲೆರಗುವುದು, ತೂರಾಡುವುದು. ಇಂಥ ಬೆಕ್ಕನ್ನು ಬರಿಗೈಯಲ್ಲಿ ಮುಟ್ಟದೆ, ಕೋಣೆಯ ಬಾಗಿಲು ಹಾಕಿ ಪಶುವೈದ್ಯರನ್ನು ಕರೆಸಿ.

ಇಷ್ಟನ್ನು ಗಮನದಲ್ಲಿಟ್ಟುಕೊಂಡರೆ ಉಳಿದದ್ದು ಕಾಲದ ಕೆಲಸ. ಒಂದು ಕೋಣೆ, ಒಂದು ರಟ್ಟಿನ ಪೆಟ್ಟಿಗೆ, ಹೊತ್ತಿಗೆ ಸರಿಯಾದ ಊಟ, ಅವಸರ ಮಾಡದ ಮನೆಮಂದಿ, ಇಷ್ಟಿದ್ದರೆ ಹೆಚ್ಚಿನ ಬೆಕ್ಕುಗಳು ಹೊಂದಿಕೊಳ್ಳುತ್ತವೆ. ‘ಹಿಡಿಸಲಿಲ್ಲ’ ಎಂದು ತೀರ್ಮಾನಿಸುವ ಮೊದಲು ಮೂರು ತಿಂಗಳಾದರೂ ಅವಕಾಶ ಕೊಡಿ.